ಚಂದ್ರನಿಂದ ಇಳಿಯುವ ಮದುಮಗಳು

"ಇದೇ ನೋಡಿ, ಕಳಚಿದ ಪಿನ್ನು," ಎನ್ನುತ್ತ ಇನ್ಸ್‌ಪೆಕ್ಟರು ಹೆಬ್ಬೆರಳ ಗಾತ್ರದ ಉಕ್ಕಿನ ತುಂಡೊಂದನ್ನು ಮೇಜಿನ ಮೇಲಿಟ್ಟರು. ಮೇಜಿನ ಮೇಲೆ ನಾಳೆಯ ಊಟಕ್ಕೆಂದು ಬೇರೆ ಬೇರೆ ಬಗೆಯಲ್ಲಿ ಮಡಿಸಿ ತಂದ ಕೈವಸ್ತ್ರಗಳ ಮಾದರಿಗಳಿದ್ದವು. ಪಿನ್ನು ಉರುಳಿಕೊಂಡು ಹೋಗಿ ಅವುಗಳಲ್ಲೊಂದರ ಮಡಿಕೆಗೆ ತಾಗಿ ನಿಂತಿತು.

ದೊಡ್ಡಕ್ಕ ಅದನ್ನು ನೋಡಿದಳು. ಏನೂ ಅನ್ನಿಸಲಿಲ್ಲ. ಏನಾದರೂ ಅನ್ನಿಸಬೇಕಿತ್ತು ಎಂಬುದಷ್ಟೇ, ಬೇರೆ ಯಾರಿಗೋ ಸೇರಿದ ವಿಷಯದ ಹಾಗೆ, ಮನಸ್ಸಿನಲ್ಲಿ ಹಾದುಹೋಯಿತು.

"ಇದೇ ಇರಲಿ," ಎಂದಳು, ಪಕ್ಕದಲ್ಲಿ ಕಾಯುತ್ತಿದ್ದ ಊಟದ ಮೇಲ್ವಿಚಾರಕನಿಗೆ. "ನೀಲಿ ಕೆಳಗೆ, ಬಿಳಿ ಮೇಲೆ."

ಮೇಲ್ವಿಚಾರಕ ಪಿನ್ನನ್ನು ಎತ್ತಲೋ ಬಿಡಲೋ ತಿಳಿಯದೆ, ಮಿಕ್ಕ ಮಾದರಿಗಳನ್ನು ಮಾತ್ರ ಎತ್ತಿಕೊಂಡು ಹೊರಟುಹೋದ.

ಇದೇ ವಾರ, ಹೋಟೆಲಿನ ಇದೇ ಮದುವೆ ಹಾಲಿನಲ್ಲಿ, ಮದುವೆಯ ರಿಹರ್ಸಲ್ ನಡೆಯುತ್ತಿದ್ದಾಗ ಚಾವಣಿಯಿಂದ ತೂಗುತ್ತಿದ್ದ ಮರದ ಚಂದ್ರ ಕಳಚಿ ಬಿದ್ದು, ಅದರಲ್ಲಿ ಕೂತಿದ್ದ ಅವಳ ತಂಗಿ ಸತ್ತಿದ್ದಳು. ಮದುವೆಗಳನ್ನು ಮಾಡಿಸಿಕೊಡುವ ಸಂಸ್ಥೆ ಅಕ್ಕತಂಗಿಯರಿಬ್ಬರದು. ಕೆಲಸದವರಿಗೂ ಗಿರಾಕಿಗಳಿಗೂ ಅವರು ದೊಡ್ಡಕ್ಕ, ಚಿಕ್ಕಕ್ಕ. ಈಗ ದೊಡ್ಡಕ್ಕ ಒಬ್ಬಳೇ.

"ಚಂದ್ರನ್ನ ಹಗ್ಗಕ್ಕೆ ಸೇರಿಸೋ ಕೊಂಡಿಯ ಪಿನ್ನು ಇದು. ತಿರುಗಿ ಹೊರಗೆ ಬರದ ಹಾಗೆ ಅದರ ಕಿವೀಲಿ ತಂತಿ ಹಾಕಿ ಬಿಗೀಬೇಕು. ಬಿಗಿದಿಲ್ಲ," ಎಂದರು ಇನ್ಸ್‌ಪೆಕ್ಟರು. ಹಾಲಿನ ಹೊಸ ಬಣ್ಣದ ವಾಸನೆ ಅವರಿಗೆ ಆಗುತ್ತಿರಲಿಲ್ಲ. ಎರಡು ಮಾತಿಗೊಂದು ಸೀನು ಬರುತ್ತಿತ್ತು. "ಅದನ್ನ ತೂಗುಹಾಕಿದ ನಿಮ್ಮ ಹಗ್ಗದಣ್ಣ ಮರೆತಿದ್ದಾನೆ. ಬೇಕಂತ ಮಾಡಿದ್ದಲ್ಲ, ಒಪ್ತೀನಿ. ಆದ್ರೂ ನಾಳೆ ಮದುವೆ ಮುಗಿದ ಮೇಲೆ ಅವನು ನನ್ನ ಜೊತೆ ಬರಬೇಕಾಗುತ್ತೆ."

"ಅವನು ಮರೆಯೋನಲ್ಲ."

"ಎಲ್ಲರ ಬಗ್ಗೆನೂ ಹಾಗೇ ಹೇಳೋದಮ್ಮ, ಮರೆಯೋ ತನಕ."

ದೊಡ್ಡಕ್ಕ ಪಿನ್ನನ್ನು ಬೆಳಕಿಗೆ ಹಿಡಿದಳು. ಕಿವಿಯ ತೂತಿನ ಅಂಚಿನಲ್ಲಿ ಕೂದಲೆಳೆಯಂಥ ಗೀರಿತ್ತು. ಒಳಗಿನ ಲೋಹ ಹೊಸದಾಗಿ ಹೊಳೆಯುತ್ತಿತ್ತು. ಇಕ್ಕಳದಲ್ಲಿ ತಂತಿಯನ್ನು ಕತ್ತರಿಸುವಾಗ ಇಂಥ ಗೀರು ಬೀಳುತ್ತದೆ. ಬಿದ್ದ ಏಟಿಗೂ ಬೀಳಬಹುದು, ಇನ್ಸ್‌ಪೆಕ್ಟರು ಅದನ್ನೇ ನಂಬಿದ್ದರು.

"ನಿಮಗೆ ಬೇಜಾರಾಗಬಾರದು," ಎಂದರು ಅವರು, ಮೂಗು ಒರೆಸಿಕೊಳ್ಳುತ್ತ. "ಇಷ್ಟಾದ್ಮೇಲೂ ಮದುವೆ ನಾನೇ ನಡೆಸಿಕೊಡ್ತೀನಿ ಅಂದ್ರಲ್ಲ, ಎಂಥಾ ಕಲ್ಲು ಮನಸ್ಸಪ್ಪಾ ಇವರದು ಅಂದ್ಕೊಂಡೆ."

"ಮದುವೆ ನಿಂತಿದ್ರೆ ಅವತ್ತೇ ಎಲ್ಲರೂ ಬಸ್ಸು ಹತ್ತಿ ಗುಡ್ಡ ಇಳಿದುಬಿಡ್ತಿದ್ರು. ನಿಮಗೆ ಯಾರು ಸಿಗ್ತಿದ್ರು?"

ಮೂಗಿನ ಹತ್ತಿರ ಹೋದ ಕರ್ಚೀಫು ಅಲ್ಲೇ ನಿಂತಿತು.

"ನಾಳೆ ಮಧ್ಯಾಹ್ನದ ತನಕ ಒಬ್ಬರೂ ಈ ಹೋಟೆಲು ಬಿಟ್ಟು ಹೋಗಲ್ಲ," ಎಂದಳು ದೊಡ್ಡಕ್ಕ. "ಆಮೇಲೆ ಹೋಗ್ತಾರೆ. ನಾವು ಹಾಲಿನ ಅಲಂಕಾರ ಬಿಚ್ಚಿ, ಗುಡಿಸಿ, ತೊಳೆದು ಬೀಗದಕೈ ಕೊಡ್ತೀವಿ. ನನ್ನ ಹತ್ರ ಇರೋದು ಅಷ್ಟೇ ಹೊತ್ತು."

ಅದನ್ನೂ ಅವಳು ಊಟದ ಮೇಜುಗಳ ಲೆಕ್ಕ ಹೇಳುವ ದನಿಯಲ್ಲೇ ಹೇಳಿದಳು.

*

ಹಗ್ಗದಣ್ಣ ವೇದಿಕೆಯ ಹಿಂದೆ ಚಂದ್ರನಿಗೆ ಬಣ್ಣ ಬಳಿಯುತ್ತಿದ್ದ. ಆಳೆತ್ತರದ ಅರ್ಧಚಂದ್ರ, ಒಳಬಾಗಿನಲ್ಲಿ ಕೂರಲು ಮೆತ್ತೆ. ಬಿದ್ದಾಗ ಒಂದು ಕೊಂಬು ಮುರಿದಿತ್ತು. ಬಡಗಿ ಅದನ್ನು ಜೋಡಿಸಿಕೊಟ್ಟಿದ್ದ. ಮದುವೆಯ ಥೀಮು ರಾತ್ರಿಯ ಆಕಾಶ. ಮದುಮಗಳು ಚಂದ್ರನಲ್ಲಿ ಕೂತು ಮೇಲಿನಿಂದ ಇಳಿದು, ಬಟ್ಟೆಯ ಮೋಡಗಳ ಹಿಂದೆ ಮರೆಯಾಗಿ, ಮೋಡ ಸರಿದಾಗ ಮದುಮಗನ ಎದುರು ನಿಂತಿರಬೇಕು. ಚಂದ್ರ ಇಲ್ಲದೆಯೇ ಮಾಡೋಣ ಎಂದು ದೊಡ್ಡಕ್ಕ ಹೇಳಿದ್ದಳು. ಮದುಮಗಳ ಅಪ್ಪ ಒಪ್ಪಿರಲಿಲ್ಲ.

"ಊಟ ಆಯ್ತಾ ಅಣ್ಣಾ?"

"ನಿಮ್ಮದು?"

ಇಬ್ಬರದೂ ಆಗಿರಲಿಲ್ಲ. ಇಬ್ಬರೂ ಆ ಮಾತನ್ನು ಅಲ್ಲಿಗೇ ಬಿಟ್ಟರು.

ಗೋಡೆಯ ಬದಿಗೆ ಮರಳಿನ ಚೀಲಗಳ ಗುಡ್ಡೆ ಇತ್ತು. ಪೊಲೀಸರು ಮುಟ್ಟಬೇಡಿ ಎಂದಿದ್ದರಿಂದ ಚಂದ್ರ ಬಿದ್ದ ದಿನ ಬೆಳಗ್ಗೆ ಇಳಿಸಿಟ್ಟದ್ದು ಹಾಗೆಯೇ ಇತ್ತು. ದೊಡ್ಡಕ್ಕ ಈ ಕಡೆ ಬಂದದ್ದು ಇವತ್ತೇ. ಬಂದವಳು ನಿಂತೇಬಿಟ್ಟಳು.

ತೂಗುವ ಯಾವುದರ ಮೇಲೆಯೂ ಮನುಷ್ಯರನ್ನು ಕೂರಿಸುವ ಮೊದಲು ಅವರ ಎರಡು ಪಟ್ಟು ತೂಕದ ಮರಳು ಹೇರಿ ಎತ್ತಿ ಇಳಿಸಬೇಕು. ಅದು ಸಂಸ್ಥೆಯ ನಿಯಮ. ಅವತ್ತು ಬೆಳಗ್ಗೆ ಚಂದ್ರ ಎರಡು ಪಟ್ಟು ಭಾರ ಹೊತ್ತು ಹತ್ತಿ ಇಳಿದಿತ್ತು. ಮಧ್ಯಾಹ್ನ ಅದರ ಅರ್ಧ ಭಾರಕ್ಕೂ ತಡೆಯದೆ ಬಿತ್ತು. ಆ ನಡುವೆ ಎಲ್ಲರೂ ಊಟಕ್ಕೆ ಹೋಗಿದ್ದರು, ಹಾಲಿನ ಬಾಗಿಲು ಬರೀ ಎಳೆದುಕೊಂಡಿತ್ತು.

ಇದು ಅವಳಿಗೆ ಮೊದಲೇ ಗೊತ್ತಿದ್ದ ಸಂಗತಿ. ಗೊತ್ತಿಲ್ಲದ್ದು ಈಗ ಕಣ್ಣೆದುರಿಗಿತ್ತು.

"ಅಣ್ಣಾ, ಅವತ್ತು ಹೇರಿದ ಚೀಲ ಇಷ್ಟೇನಾ?"

"ಇಷ್ಟೇ."

"ದೊಡ್ಡ ಚೀಲ ಎರಡು ಜಾಸ್ತಿ ಇವೆಯಲ್ಲ."

ಹಗ್ಗದಣ್ಣ ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸಿದ. "ನಾನೂ ಅದನ್ನೇ ಕೇಳಿದೆ. ಮದುಮಗಳು ತೂಕದಲ್ಲಿ ಇಷ್ಟೊಂದು ಸುಳ್ಳು ಹೇಳಿದ್ದಾರಾ ಅಂತ. ಚಿಕ್ಕಕ್ಕ ಬಿದ್ದೂ ಬಿದ್ದೂ ನಕ್ಕರು. ‘ಸುಮ್ನೆ ಹಾಕಣ್ಣ, ಅದೊಂದು ಗುಟ್ಟು’ ಅಂದ್ರು."

"ನನಗ್ಯಾಕೆ ಹೇಳಲಿಲ್ಲ?"

"ಜಾಸ್ತಿ ಹಾಕಿದ್ರೆ ಒಳ್ಳೇದೇ ಅಲ್ವಾ ದೊಡ್ಡಕ್ಕ? ಕಮ್ಮಿ ಹಾಕಿದ್ರೆ ಹೇಳ್ತಿದ್ದೆ."

ತೂಕ ಕೇಳಿದರೆ ಯಾವ ಮದುಮಗಳೂ ನಿಜ ಹೇಳುವುದಿಲ್ಲ, ಹೇಳಿದ್ದಕ್ಕೆ ಒಂದಷ್ಟು ಸೇರಿಸಿಕೊಳ್ಳುವುದು ಈ ಕಸುಬಿನ ಹಳೆಯ ತಮಾಷೆ. ಆದರೆ ಇಷ್ಟಲ್ಲ. ಎರಡು ಪಟ್ಟಿನ ಲೆಕ್ಕದಲ್ಲಿ ಎರಡು ಚೀಲ ಹೆಚ್ಚಾದರೆ, ಕೂರುವವಳು ಒಂದು ಇಡೀ ಚೀಲದಷ್ಟು ಹೆಚ್ಚು ತೂಗಬೇಕು. ಮದುಮಗಳು ಕಡ್ಡಿಯ ಹಾಗಿದ್ದಳು. ಚಿಕ್ಕಕ್ಕನೂ ಅದೇ ಮೈಕಟ್ಟು. ರಿಹರ್ಸಲ್ಲಿನಲ್ಲಿ ಮದುಮಗಳ ಬದಲು ಅವಳು ಕೂತದ್ದನ್ನು ಅದಕ್ಕೇ ಯಾರೂ ಪ್ರಶ್ನಿಸಿರಲಿಲ್ಲ.

ಹಾಗಾದರೆ ಆ ಚಂದ್ರನಲ್ಲಿ ಕೂರಬೇಕಾಗಿದ್ದವಳು ಇಬ್ಬರೂ ಅಲ್ಲ. ಮೂರನೆಯ ಒಬ್ಬಳಿದ್ದಾಳೆ.

*

ಮದುಮಗಳ ಕೋಣೆ ಇದ್ದದ್ದು ನೆಲ ಅಂತಸ್ತಿನಲ್ಲಿ. ದೊಡ್ಡಕ್ಕ ಅವಳಿಗೆಂದು ಗೊತ್ತುಮಾಡಿದ್ದು ಮೇಲಿನ ಅಂತಸ್ತಿನದನ್ನು. ಅಲ್ಲಿನ ಬಾಲ್ಕನಿಯಿಂದ ಇಡೀ ಕಣಿವೆ ಕಾಣುತ್ತಿತ್ತು. ಬಂದ ದಿನವೇ ಹುಡುಗಿ ತನ್ನ ಸೋದರಮಾವನ ಜೊತೆ ಕೋಣೆ ಬದಲಾಯಿಸಿಕೊಂಡಿದ್ದಳು. ಮಾವ ಅದನ್ನು ತನ್ನ ಹಿರಿತನಕ್ಕೆ ಸಂದ ಮರ್ಯಾದೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ.

ಮದುಮಗಳು ಮಂಚದ ತುದಿಯಲ್ಲಿ ಕೂತು ಉಗುರು ಕಚ್ಚುತ್ತಿದ್ದಳು. ದೊಡ್ಡಕ್ಕನನ್ನು ಕಂಡು ಕೈ ಇಳಿಸಿದಳು.

"ನಿಮಗೆ ಎತ್ತರ ಅಂದ್ರೆ ಭಯ," ಎಂದಳು ದೊಡ್ಡಕ್ಕ, ಬಾಗಿಲು ಹಾಕಿಕೊಂಡು.

"ಯಾರು ಹೇಳಿದ್ದು?"

"ಬಾಲ್ಕನಿ ಇರೋ ಕೋಣೆ ಬಿಟ್ಟುಕೊಟ್ರಿ. ರಿಹರ್ಸಲ್ಲಿಗೆ ತಲೆನೋವು ಅಂದ್ರಿ. ಚಂದ್ರನಲ್ಲಿ ಕೂತಾಗ ಕಾಲು ಎಲ್ಲಿಡಬೇಕು ಅಂತ ನನ್ನನ್ನ ಒಂದು ಸಲಾನೂ ಕೇಳಿಲ್ಲ. ಎಲ್ಲಾ ಮದುಮಗಳೂ ಕೇಳ್ತಾರೆ."

ಹುಡುಗಿ ಬಾಗಿಲ ಕಡೆ ನೋಡಿದಳು. ಹೊರಗೆ ಮಾವ ಯಾರನ್ನೋ ಗದರುತ್ತಿದ್ದ ಸದ್ದು ಕೇಳುತ್ತಿತ್ತು.

"ಅಪ್ಪಂಗೆ ಹೇಳಬೇಡಿ," ಎಂದಳು. "ಚಿಕ್ಕಂದಿನಿಂದ ನನ್ನನ್ನ ಚಂದ್ರನಿಂದ ಇಳಿದು ಬಂದೋಳು ಅಂತಾನೇ ಕರೆದಿದ್ದು. ಈ ಮದುವೇಲಿ ಅವರು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ."

"ಅದಕ್ಕೆ?"

"ಚಿಕ್ಕಕ್ಕ ಉಪಾಯ ಮಾಡಿದ್ರು. ಮುಸುಕು ಹಾಕ್ಕೊಂಡು ಬೇರೆಯೋರು ಇಳೀತಾರೆ. ಮೋಡದ ಹಿಂದೆ ದೀಪ ಆರುತ್ತೆ. ಆ ಕತ್ತಲಲ್ಲಿ ಚಿಕ್ಕಕ್ಕ ನನ್ನ ಕೈ ಹಿಡಿದು ತಂದು ನಿಲ್ಲಿಸ್ತಾರೆ. ಯಾರಿಗೂ ಗೊತ್ತಾಗಲ್ಲ ಅಂದಿದ್ರು."

"ಬೇರೆಯೋರು ಅಂದ್ರೆ ಯಾರು?"

ಹುಡುಗಿ ಎದ್ದು ಬೀರು ತೆಗೆದಳು. ಒಂದರ ಪಕ್ಕ ಒಂದು, ಬೆಳ್ಳಿಯ ಚುಕ್ಕೆಗಳ ಎರಡು ನೀಲಿ ಉಡುಪುಗಳು ತೂಗುತ್ತಿದ್ದವು.

"ಎರಡು ಹೊಲಿಸಿದ್ವಿ," ಎಂದಳು.

ದೊಡ್ಡಕ್ಕ ಎರಡನೆಯದನ್ನು ತೆಗೆದು ಕನ್ನಡಿಯ ಮುಂದೆ ಹೆಗಲಿಗೆ ಹಿಡಿದುಕೊಂಡಳು. ತಂಗಿ ನಿಂತರೆ ಅವಳ ಕಿವಿಯ ಮಟ್ಟಕ್ಕೆ ಬರುತ್ತಿದ್ದಳು. ಉಡುಪಿನ ಅಂಚು ಸರಿಯಾಗಿ ದೊಡ್ಡಕ್ಕನ ಕಾಲ ಗಂಟಿಗೆ ಬಂತು. ಎಡ ತೋಳು ಬಲ ತೋಳಿಗಿಂತ ಒಂದು ಬೆರಳು ಅಗಲ ಇತ್ತು. ಒಮ್ಮೆ ಎಡಗೈ ಮೂಳೆ ಮುರಿದು ಕೂಡಿಕೊಂಡಾಗಿನಿಂದ ದೊಡ್ಡಕ್ಕನ ಎಲ್ಲ ಬಟ್ಟೆಗಳನ್ನೂ ಹಾಗೆಯೇ ಹೊಲಿಸಬೇಕಿತ್ತು. ಅದು ಗೊತ್ತಿದ್ದವಳು ತಂಗಿ ಒಬ್ಬಳೇ.

ಕನ್ನಡಿಯಲ್ಲಿ ತನ್ನ ಮುಖ ಕಂಡಿತು. ಯಾರದೋ ಮುಖದ ಹಾಗಿತ್ತು.

"‘ಅಕ್ಕನ್ನ ನಾನು ಒಪ್ಪಿಸ್ತೀನಿ ಬಿಡಿ’ ಅಂದಿದ್ರು," ಎಂದಳು ಮದುಮಗಳು, ಬಿಕ್ಕುತ್ತ. "‘ಮೊದಲು ಬೈತಾಳೆ. ಆಮೇಲೆ ಬಂದು ಮಾಡ್ತಾಳೆ. ಹುಟ್ಟಿದಾಗಿಂದ ನೋಡಿದ್ದೀನಿ’ ಅಂತ. ಅವತ್ತು ರಿಹರ್ಸಲ್ಲಿನಲ್ಲೇ ಕೇಳ್ತೀನಿ ಅಂದಿದ್ರು."

ಅವತ್ತು ತಂಗಿ ಕೇಳಿದ್ದಳು. ‘ಅಕ್ಕಾ, ಬಾರೇ, ಒಂದು ಸಲ ಹತ್ತಿ ನೋಡು’ ಎಂದು ವೇದಿಕೆಯ ಮೇಲಿಂದ ಕೂಗಿದ್ದಳು. ದೊಡ್ಡಕ್ಕ ಹೂವಿನವನ ಜೊತೆ ಫೋನಿನಲ್ಲಿದ್ದಳು. ಬಿಳಿ ಹೂ ಸಾಕಾಗುವುದಿಲ್ಲ ಎಂಬ ಜಗಳ. ಹೋಗೇ ಎಂಬಂತೆ ಕೈಬೀಸಿದ್ದಳು. ಸರಿ, ನಾನೇ ಕೂರ್ತೀನಿ ಎಂದು ತಂಗಿ ಚಂದ್ರನ ಮೇಲೆ ಹತ್ತಿ ಕಾಲು ತೂಗಾಡಿಸಿದ್ದಳು.

ತಂತಿ ಕತ್ತರಿಸಿದವನು ಕಾದದ್ದು ತಂಗಿಗಾಗಿ ಅಲ್ಲ.

ಎದೆ ಒಡೆಯಬೇಕಿತ್ತು. ಅದರ ಬದಲು ದೊಡ್ಡಕ್ಕನಿಗೆ ಹೊಳೆದದ್ದು ಒಂದೇ ಪ್ರಶ್ನೆ, ತಣ್ಣಗೆ, ಒಂದು ಕೆಲಸ ಮುಗಿದು ಮುಂದಿನದು ಎದುರಾಗುವ ಹಾಗೆ.

"ನಾನು ಕೂರ್ತೀನಿ ಅನ್ನೋದು ಯಾರ್‌ಯಾರಿಗೆ ಗೊತ್ತಿತ್ತು?"

"ನನಗೆ, ಚಿಕ್ಕಕ್ಕಂಗೆ…"

"ಟೈಲರಿಗೆ?"

"ಇಲ್ಲ. ಅವನಿಗೆ ಬರೀ ಅಳತೆ ಕೊಟ್ಟಿದ್ದು." ಹುಡುಗಿ ತಡೆದಳು. "ಇನ್ನು… ಅವರಿಗೆ. ಅವರಿಗೆ ಹೇಳದೆ ಇರೋಕಾಗುತ್ತಾ? ಎದುರಿಗೆ ನಿಲ್ಲೋರೇ ಅವರು. ನಿಮ್ಮನ್ನ ಕೂರಿಸೋಣ ಅಂತ ಮೊದಲು ಹೇಳಿದ್ದೂ ಅವರೇ. ‘ದೊಡ್ಡಕ್ಕ ಆದ್ರೆ ಹೆದರಲ್ಲ, ಬಾಯೂ ಬಿಡಲ್ಲ’ ಅಂದ್ರು."

"ನನ್ನ ಬಗ್ಗೆ ಇನ್ನೇನು ಹೇಳ್ತಾರೆ?"

"ಏನಿಲ್ಲ. ಮೊದಮೊದಲು ನಿಮ್ಮ ಸಂಸ್ಥೆ ಬೇಡ ಅಂತಿದ್ರು. ಅಪ್ಪ ಕೇಳಲಿಲ್ಲ. ಆಮೇಲೆ ಒಂದೆರಡು ಸಲ ಕೇಳಿದ್ರು, ದೊಡ್ಡಕ್ಕಂಗೆ ತಾವು ಮಾಡಿಸಿದ ಮದುವೆ ಎಲ್ಲಾ ನೆನಪಿರುತ್ತಾ ಅಂತ." ಹುಡುಗಿಯ ಕೈ ಮತ್ತೆ ಬಾಯಿಯ ಹತ್ತಿರ ಹೋಗಿತ್ತು. "ಯಾಕೆ ದೊಡ್ಡಕ್ಕ? ನೀವೇನು ಹೇಳ್ತಾ ಇದ್ದೀರಿ?"

"ಇನ್ನೂ ಏನೂ ಹೇಳ್ತಿಲ್ಲ."

ಮದುವೆ ನಡೆದ ಹಾಲುಗಳು ನೆನಪಿರುತ್ತಿದ್ದವು. ಯಾವ ಕಂಬಕ್ಕೆ ಯಾವ ಬಣ್ಣದ ದೀಪ, ಯಾವ ಮದುಮಗಳ ಉಡುಪಿನ ಗುಂಡಿ ಕೊನೇ ಗಳಿಗೆಯಲ್ಲಿ ಕಿತ್ತುಬಂತು, ಎಲ್ಲವೂ. ಮದುಮಗಂದಿರು ಮಾತ್ರ ಇಲ್ಲ. ಅವಳ ಪಾಲಿಗೆ ಮದುಮಗ ಎಂದರೆ ಒಂದು ಎತ್ತರ, ಒಂದು ಅಂಗಿಯ ಬಣ್ಣ, ತಡವಾಗಿ ಬರುವ ಒಂದು ಕಾರು. ಎಷ್ಟೋ ತಿಂಗಳಿಂದ ಮಾತಾಡಿಸುತ್ತಿದ್ದ ಈ ಮದುಮಗನ ಮುಖವನ್ನು ಈಗ ಕಣ್ಣ ಮುಂದೆ ತಂದುಕೊಳ್ಳಲು ನೋಡಿದಳು. ನಸುಗಪ್ಪು ಅಂಗಿ ಬಂತು. ಮುಖ ಬರಲಿಲ್ಲ.

"ಈ ಉಡುಪು ನಾನು ತಗೊಂಡು ಹೋಗ್ತೀನಿ," ಎಂದಳು. "ಇವತ್ತು ಸಂಜೆ ಮತ್ತೆ ರಿಹರ್ಸಲ್. ಎಲ್ಲರೂ ಬರಬೇಕು ಅಂತ ನೀವೇ ಹೇಳಿ. ಅವರಿಗೂ."

"ಯಾರು ಕೂರೋದು?"

"ನಾನೇ. ನಿಮ್ಮ ಅಪ್ಪಂಗೆ, ದೊಡ್ಡಕ್ಕ ಭಾರ ಪರೀಕ್ಷೆ ಮಾಡ್ತಿದ್ದಾರೆ ಅಂತ ಹೇಳಿ. ಅದು ಸುಳ್ಳೇನಲ್ಲ."

*

ಇನ್ಸ್‌ಪೆಕ್ಟರಿಗೆ ಅವಳು ಎಲ್ಲವನ್ನೂ ಹೇಳಿದಳು. ಅವರು ಸೀನುವುದನ್ನೂ ಮರೆತು ಕೇಳಿದರು.

"ಅನುಮಾನ ಅಷ್ಟೇ ಅಲ್ವೇನಮ್ಮ? ಗೊತ್ತಿತ್ತು ಅನ್ನೋದಕ್ಕೆ ಯಾರನ್ನೂ ಹಿಡಿಯೋಕಾಗಲ್ಲ. ನಿಮ್ಮನ್ನ ಕೊಲ್ಲೋಕೆ ಆ ಮದುಮಗನಿಗೇನು ಕಾರಣ?"

"ಗೊತ್ತಿಲ್ಲ. ನಾನು ಮೇಲೆ ಹೋದಾಗ ನನ್ನನ್ನ ನೋಡಬೇಡಿ. ಅವರ ಮುಖ ನೋಡಿ."

"ನಿಮಗೆ ಹೆದರಿಕೆ ಆಗಲ್ವಾ?"

ಅವಳು ನಿಜವಾಗಿಯೂ ಯೋಚಿಸಿ ನೋಡಿದಳು. "ಇಲ್ಲ," ಎಂದಳು. ಅದು ಧೈರ್ಯವಲ್ಲ ಎಂದು ಇಬ್ಬರಿಗೂ ತಿಳಿದಿತ್ತು.

ಸಂಜೆಗೆ ಚಂದ್ರ ಮತ್ತೆ ತೂಗಿತು. ಪಿನ್ನು ಹೊಸದು. ತಂತಿಯನ್ನು ಹಗ್ಗದಣ್ಣ ಬಿಗಿದ, ಅವಳು ಎಳೆದು ನೋಡಿದಳು. ಎರಡು ಪಟ್ಟು ಮರಳು ಹೇರಿ ಎತ್ತಿ ಇಳಿಸಿದರು. ಉಕ್ಕಿನ ಹಗ್ಗದ ಪಕ್ಕ, ಚಾವಣಿಯ ತೊಲೆಯಿಂದ, ಹಗ್ಗದಣ್ಣ ಒಂದು ಕೆಂಪು ಬಟ್ಟೆಯನ್ನು ಇಳಿಬಿಟ್ಟಿದ್ದ.

"ನಿಮ್ಮ ತಲೆ ಆ ಬಟ್ಟೆಗೆ ಮುಟ್ಟೋ ಮೊದಲು ನಿಲ್ಲಿಸ್ತೀನಿ," ಎಂದ. "ಅದನ್ನ ದಾಟಿದ್ರೆ ಕೊಂಡಿ ಹೋಗಿ ರಾಟೆಗೆ ಕಚ್ಚಿಕೊಳ್ಳುತ್ತೆ. ಮೋಟಾರು ಎಳೀತಾನೇ ಇರುತ್ತೆ. ಹಗ್ಗ ತಡೆಯಲ್ಲ, ಕಿತ್ತುಹೋಗುತ್ತೆ."

ಮದುಮಗಳ ಅಪ್ಪ, ಅಮ್ಮ ಮುಂದಿನ ಸಾಲಿನಲ್ಲಿ ಕೂತರು. ಮಾವ ನಿಂತೇ ಇದ್ದ. ಎಲ್ಲಕ್ಕೂ ಸಲಹೆ ಕೊಡಲು ಅದೇ ಅನುಕೂಲ. ಇನ್ಸ್‌ಪೆಕ್ಟರು ಕೊನೆಯ ಸಾಲಿನಲ್ಲಿ ಕರ್ಚೀಫು ಹಿಡಿದು ಕೂತಿದ್ದರು. ನೀಲಿ ಉಡುಪು ತೊಟ್ಟು, ಮುಸುಕು ಎಳೆದುಕೊಂಡು, ದೊಡ್ಡಕ್ಕ ಚಂದ್ರನ ಮೆತ್ತೆಯ ಮೇಲೆ ಕೂತಳು.

ಮದುಮಗ ತಡವಾಗಿ ಬಂದ.

"ಕ್ಷಮಿಸಿ, ಕ್ಷಮಿಸಿ, ಎಲ್ಲರನ್ನೂ ಕಾಯಿಸಿಬಿಟ್ಟೆ," ಎನ್ನುತ್ತ ನೇರವಾಗಿ ಹಗ್ಗದಣ್ಣನ ಹತ್ತಿರ ಹೋದ. "ಆ ಮೋಟಾರಿನ ರಿಮೋಟು ಇಲ್ಲಿ ಕೊಡಣ್ಣ. ನಾಳೆ ನನ್ನ ಹೆಂಡ್ತೀನ ನಾನೇ ಇಳಿಸ್ಕೋತೀನಿ."

"ಬೇಡ ಸಾರ್, ಅದು…"

"ಕೊಡೋ ಮಾರಾಯ!" ಎಂದ ಮಾವ, ನಗುತ್ತ. "ಮದುಮಗ ಕೇಳ್ತಿದ್ದಾನೆ. ಇಲ್ಲ ಅಂತೀಯಾ?"

ಮುಂದಿನ ಸಾಲಿನಲ್ಲಿ ಅಪ್ಪನೂ ತಲೆಯಾಡಿಸಿದರು. ರಿಮೋಟು ಕೈ ಬದಲಾಯಿತು.

"ಯಾವ ಗುಂಡಿ ಯಾವುದಕ್ಕೋ, ನನಗೆ ಇವೆಲ್ಲ ತಲೆಗೆ ಹತ್ತಲ್ಲ," ಎಂದ ಮದುಮಗ ಎಲ್ಲರಿಗೂ ಕೇಳುವಂತೆ. ಎಲ್ಲರೂ ನಕ್ಕರು. ಮದುಮಗಳು ಮಾತ್ರ ನಗಲಿಲ್ಲ.

ಚಂದ್ರ ಮೇಲೇರಿತು. ನೆಲ ಕೆಳಗೆ ಸರಿಯಿತು. ಕುರ್ಚಿಗಳ ಸಾಲುಗಳು ಚಿಕ್ಕವಾದವು. ದೊಡ್ಡಕ್ಕ ಮುಸುಕು ಸರಿಸಿ ಕೆಳಗೆ ಬಗ್ಗಿ ನೋಡಿದಳು. ಮದುಮಗ ತಲೆ ತಗ್ಗಿಸಿ ಗುಂಡಿಗಳನ್ನು ಹುಡುಕುತ್ತಿದ್ದ. ಅವನ ಮುಖ ಕಾಣಲಿಲ್ಲ. ನೆತ್ತಿ ಕಂಡಿತು.

ನೆತ್ತಿಯಲ್ಲಿ ಎರಡು ಸುಳಿಗಳಿದ್ದವು.

ಅವಳು ಈ ನೆತ್ತಿಯನ್ನು ನೋಡಿದ್ದಳು. ತಂಗಿ ಇನ್ನೂ ಕೆಲಸಕ್ಕೆ ಸೇರಿರದ ಕಾಲ. ಸರೋವರದ ದಡದ ಒಂದು ಹಾಲು, ವೇದಿಕೆಯ ಮೇಲೆ ಹಾಯಿದೋಣಿ. ಮೇಲಿನ ಅಟ್ಟದಲ್ಲಿ ದೀಪದವನ ಪಕ್ಕ ನಿಂತು ಅವಳು ಕೆಳಗೆ ನೋಡುತ್ತಿದ್ದಳು. ‘ಎರಡು ಸುಳಿ ನೋಡಿ ದೊಡ್ಡಕ್ಕ! ಈ ಮಹಾರಾಯನಿಗೆ ಎರಡು ಮದುವೆ ಗ್ಯಾರಂಟಿ’ ಎಂದು ದೀಪದವನು ಕಿಸಕ್ಕನೆ ನಕ್ಕಿದ್ದ. ಕೆಳಗೆ ದೋಣಿಯಲ್ಲಿ ಈ ತಲೆಯ ಪಕ್ಕ ಕೂತಿದ್ದವಳು ಬೇರೆ ಹುಡುಗಿ. ಆ ವರ್ಷ ಮುಗಿಯುವ ಮೊದಲೇ ಅವಳ ತಾಯಿ ಫೋನು ಮಾಡಿ, ಮದುವೆಯ ಫೋಟೋ ಎಷ್ಟಿದ್ದರೆ ಅಷ್ಟೂ ಬೇಕು, ಮಗಳದು ಇನ್ನು ಬೇರೆ ಫೋಟೋ ಸಿಗುವುದಿಲ್ಲ ಎಂದಿದ್ದರು. ಯಾಕೆ ಎಂದು ಕೇಳುವ ಪುರುಸೊತ್ತು ಇರಲಿಲ್ಲ. ಕಳಿಸಿಕೊಟ್ಟಿದ್ದಳು.

ಕೆಳಗೆ ಕೂತಿರುವ ಈ ಅಪ್ಪ ಅಮ್ಮನಿಗೆ ಅವನು ಈಗಷ್ಟೇ ಮದುವೆಯಾಗಲು ಹೊರಟ ಹುಡುಗ. ಹಾಗಲ್ಲ ಎಂದು ಹೇಳಬಲ್ಲವಳು ಈ ಹಾಲಿನಲ್ಲಿ ಒಬ್ಬಳೇ.

ಈ ವಾರದಲ್ಲಿ ಮೊದಲ ಸಲ ಅವಳ ಬೆರಳುಗಳಿಗೆ ಜೀವ ಬಂತು. ಅವು ಚಂದ್ರನ ಕೊಂಬನ್ನು ಗಟ್ಟಿಯಾಗಿ ಹಿಡಿದುಕೊಂಡವು.

ಮದುಮಗ ತಲೆ ಎತ್ತಿದ. ಅವಳು ನೋಡುತ್ತಿರುವುದನ್ನು ನೋಡಿದ. ಅವಳ ಮುಖದಲ್ಲಿ ಏನು ಕಂಡಿತೋ, ಅವನ ನಗು ಹಾಗೆಯೇ ಉಳಿದು, ಕಣ್ಣು ಮಾತ್ರ ಬದಲಾಯಿತು.

"ಏನು ದೊಡ್ಡಕ್ಕ," ಎಂದು ಕೂಗಿದ, "ಮೇಲಿಂದ ಎಲ್ಲಾ ಸರಿಯಾಗಿ ಕಾಣ್ತಿದೆಯಾ?"

"ಸಾಕು ಸಾರ್, ನಿಲ್ಲಿಸಿ!" ಎಂದು ಹಗ್ಗದಣ್ಣ ಚೀರಿದ. "ನಿಲ್ಲಿಸಿ!"

"ಅಯ್ಯೋ, ಯಾವುದಪ್ಪಾ ಇದರಲ್ಲಿ ನಿಲ್ಲಿಸೋ ಗುಂಡಿ?" ಎಂದ ಮದುಮಗ.

ಮಾವ ಮತ್ತೆ ನಕ್ಕ. ಕೆಂಪು ಬಟ್ಟೆ ಅವಳ ಹಣೆಗೆ ತಾಗಿತು, ಕೆನ್ನೆ ಸವರಿ ಹೆಗಲ ಮೇಲೆ ಜಾರಿತು. ಚಂದ್ರ ಇನ್ನೂ ಮೇಲೇರುತ್ತಲೇ ಇತ್ತು.